ಪ್ರಾಗ್‌ನಲ್ಲಿ ಬಡಿದ ರೊಟ್ಟಿ

“ಅಕ್ಕಾರ, ಎಲ್ಲಾರೂ ನಕ್ರು, ನೀವೊಬ್ಬರು ನಗಲಿಲ್ಲ. ನಾ ನೋಡೀನಿ. ಅದಕ್ಕ ನಿಮ್ಮ ಮುಂದ ಹೇಳ್ತೀನಿ. ಎಂಟು ದಿನ ಆ ಪ್ರಾಗ್ ಊರಾಗ ಇದ್ದೆ. ಮುಂಜಾನಿ ಐದು ರೊಟ್ಟಿ, ಮಧ್ಯಾಹ್ನ ಆರು, ಸಂಜೀಕ ನಾಲ್ಕು. ಎದುರಿನ ಮನಿ ಹಂಚಿನ ಮ್ಯಾಲೆ ಪಾರಿವಾಳ ಎಣಿಸೀನಿ, ನನ್ನ ಹಂಚಿನ ಮ್ಯಾಲೆ ರೊಟ್ಟಿ ಎಣಿಸೀನಿ. ಅದು ನನ್ನ ಯುರೋಪು. ಸಿಟ್ಟಿಲ್ಲ ಅಂದ್ರ ಸುಳ್ಳಾಗ್ತೈತಿ. ಆದ್ರ ಅದು ನುಂಗೂವಂಥ ಸಿಟ್ಟು. ನಲವತ್ತನಾಲ್ಕು ವರ್ಷದ್ದು ನುಂಗೀನಿ, ಎಂಟು ದಿನದ್ದು ಏನ್ ದೊಡ್ಡದ್ರಿ.

“ನಾಕನೇ ದಿನ ಕೆಳಗಿನ ಮನಿ ಹೆಣ್ಣಮಗಳು ಮ್ಯಾಲೆ ಬಂದ್ಲು. ನಿಮ್ಮಷ್ಟ ವಯಸ್ಸು, ಕೈಯಾಗ ಕೋಲು. ನಾ ರೊಟ್ಟಿ ಬಡಿಯಾಕ ಹತ್ತಿದ್ದೆ, ಹಿಟ್ಟಿನ ಕೈಲೇ ಬಾಗಿಲಾ ತಗದೆ. ಜಗಳಕ್ಕ ಬಂದಾಕಿ ಅಲ್ಲ, ಪಾಪ. ‘ಏನದು ದಿನಾ ಮೂರು ಹೊತ್ತು ಧಡ್ ಧಡ್, ನಮ್ಮ ದೀಪ ಅಳ್ಳಾಡ್ತೈತಿ’ ಅಂತ ಅರ್ಧಾ ಇಂಗ್ಲಿಷು, ಅರ್ಧಾ ಕೈಸನ್ನಿ ಮಾಡಿ ಕೇಳಿದ್ಲು. ನಾ ಬಾಯಿ ತಗಿಯೂದ್ರಾಗ ಇವರು ತಾಟು ಬಿಟ್ಟು ಎದ್ದು ಬಂದ್ರು. ಬಂದು ಏನಂದ್ರು ಗೊತ್ತೇನ್ರಿ? ‘ಸಾರಿ ಮೇಡಂ, ಮೈ ವೈಫ್ ಈಸ್ ಎ ವಿಲೇಜ್ ಲೇಡಿ, ಶಿ ಕೆನಾಟ್ ಈಟ್ ಯುವರ್ ಫುಡ್.’

“ಅಕ್ಕಾರ, ಹಿಂಗ ಅನ್ನೂ ಮುಂದ ಅವರ ಬಾಯಾಗ ನನ್ನ ರೊಟ್ಟಿ ತುತ್ತು ಇತ್ತು. ನುಂಗಿ ಅನ್ನಬೇಕು ಅನ್ನೂ ಖಬರು ಸುದ್ದಾ ಇಲ್ಲ. ನಾ ಅವತ್ತಿನ ತನಕ ಆ ಊರಾಗ ಒಂದು ರೊಟ್ಟಿ ಮುರದಿರಲಿಲ್ಲ. ಕೆಳಗ ಒಂದು ಬ್ರೆಡ್ಡಿನ ಅಂಗಡಿ ಇತ್ತು, ಕರೀ ಬ್ರೆಡ್ಡು, ಜೀರಗಿ ಹಾಕಿದ್ದು. ನನಗ ಅದ ಛಲೋ ಹತ್ತಿತ್ತು. ಇಂಗ್ಲಿಷು ನನಗ ತಿಳಿಯೂದಿಲ್ಲ ಅಂತ ಮಾಡ್ಯಾರೇನು? ಇಪ್ಪತ್ತೆರಡು ವರ್ಷ ಡೇಕೇರು ನಡಸೀನಿ. ಅಲ್ಲೆ ಅಂದದ್ದನ್ನ ಅಲ್ಲೇ ಬಿಟ್ಟು ಬಂದಿದ್ರ ಅದನ್ನೂ ನುಂಗ್ತಿದ್ದೆ. ಇವತ್ತ ನಮ್ಮ ಮಂದಿ ಮುಂದ ನಿಂತು ಅದನ್ನ ಮತ್ತ ಹೇಳಿ ನಗಿಸಿದ್ರು. ಇದು ನುಂಗೂವಂಥಾದ್ದಲ್ಲ.”

ಕಮಲವ್ವ ಇಷ್ಟನ್ನೂ ಹೇಳಿದ್ದು ವಾಲ್ನಟ್ ಕ್ರೀಕಿನ ಲೈಬ್ರರಿಯಲ್ಲಿ, ಹಿಂದಿನ ಕೋಣೆಯ ಸಿಂಕಿನ ಮುಂದೆ ನಿಂತು, ಚಹಾದ ಕಪ್ಪು ತೊಳೆಯುತ್ತ. ತಿಂಗಳ ಎರಡನೇ ಶನಿವಾರ ಅಲ್ಲಿ ನಮ್ಮ ಕನ್ನಡದ ಹಿರಿಯರ ಗುಂಪು ಸೇರುತ್ತದೆ. ನಾನು ಕಪ್ಪು ಒರೆಸಿ ಒಂದರ ಮೇಲೊಂದು ಇಡುತ್ತಿದ್ದೆ. ಆಕೆಯ ದನಿ ಏರಲಿಲ್ಲ. ನೀರಿನ ನಲ್ಲಿಯನ್ನು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟುಕೊಂಡಿದ್ದಳು.

ಅವರ ಮನೆಯ ಕೆಳಗೇ ನಮ್ಮ ಮನೆ. ಅವರದು ಮೇಲಿನ ಅಪಾರ್ಟ್‌ಮೆಂಟು, ನನ್ನ ಮಗಳದು ಕೆಳಗಿನದು. ಇಲ್ಲಿನ ಮನೆಗಳ ನೆಲ ಮರದ್ದು. ಒಂಬತ್ತು ವರ್ಷದಿಂದ ದಿನಾ ಹನ್ನೊಂದೂವರೆಗೆ ಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಮೊದಮೊದಲು ಮಗಳು ಕಟ್ಟಡದ ಆಫೀಸಿಗೆ ಹೇಳುತ್ತೇನೆ ಅಂದಳು. ಬೇಡ ಅಂದೆ. ನಮ್ಮ ಕಡೆ ರಾಗಿ ಮುದ್ದೆ, ಅದಕ್ಕೆ ಸದ್ದಿಲ್ಲ. ಆದರೂ ತಲೆಯ ಮೇಲೆ ಯಾರೋ ಅಡಿಗೆ ಮಾಡುತ್ತಿದ್ದಾರೆ ಅಂದರೆ ಅದೊಂದು ಜೊತೆ. ಆ ಸದ್ದು ಕೇಳಿಯೇ ನಾನು ಅಕ್ಕಿ ತೊಳೆಯಲು ಏಳುತ್ತಿದ್ದೆ. ಪ್ರಾಗ್‌ನ ಹೆಂಗಸಿಗೆ ಅದು ರೊಟ್ಟಿ ಅಂತ ಯಾರಾದರೂ ಹೇಳಿದ್ದರೆ ಆಕೆಗೂ ಸಮಾಧಾನವಾಗುತ್ತಿತ್ತೋ ಏನೋ. ಹೇಳಬೇಕಾದವರು ಹೇಳಿದ್ದು ಬೇರೆ.

ಕಮಲವ್ವ ಹುಬ್ಬಳ್ಳಿಯವಳು. ಈಗ ಅರವತ್ತೇಳು. ಗಂಡ ಗುರುಶಾಂತಪ್ಪನವರು ಎಂಜಿನಿಯರು, ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ರಿಟೈರಾದವರು. ಕೆಟ್ಟ ಮನುಷ್ಯ ಅಂತ ನಾನು ಹೇಳಲಾರೆ. ಕುಡಿತವಿಲ್ಲ, ಬೈಗುಳವಿಲ್ಲ. ನನ್ನ ಮೊಣಕಾಲು ಹಿಡಿದುಕೊಂಡಾಗ ಮೂರು ವಾರ ನಮ್ಮ ಮನೆಯ ಕಸ ಇಳಿಸಿ ಹಾಕಿದವರು ಅವರೇ. ಆದರೆ ಬಿಸಿ ರೊಟ್ಟಿ ಇಲ್ಲದೆ ಅವರ ಊಟ ಆಗುವುದಿಲ್ಲ. ಆರಿದ ರೊಟ್ಟಿ ಆಗದು. ಒಣಗಿಸಿ ಗರಿಗರಿ ಮಾಡಿಟ್ಟದ್ದೂ ಆಗದು. ಹಂಚಿನಿಂದ ಇಳಿದದ್ದು ತಾಟಿಗೆ ಬೀಳಬೇಕು, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬರಬೇಕು. ಈ ಮಾತು ಇಡೀ ಕಟ್ಟಡಕ್ಕೆ ಗೊತ್ತು. ಎದುರುಮನೆಯ ಚೀನೀ ಅಜ್ಜನಿಗೂ ಗೊತ್ತು.

ಇಬ್ಬರೂ ಫ್ರೀಮಾಂಟಿನಲ್ಲಿದ್ದಾಗ ಕಮಲವ್ವ ಮನೆಯಲ್ಲೇ ಡೇಕೇರು ನಡೆಸಿದಳು. ಒಂದು ಸಲಕ್ಕೆ ಆರು ಮಕ್ಕಳು, ಇಪ್ಪತ್ತೆರಡು ವರ್ಷ. ಎಲ್ಲ ದೇಶದ ಮಕ್ಕಳೂ ಆಕೆಯ ಕೈಯಿಂದ ಅನ್ನ ಮೊಸರು ತಿಂದಿವೆ. ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಪ್ರಾಗ್‌ನ ಒಬ್ಬ ತಾಯಿ ತನ್ನ ಮಗುವನ್ನು ಅಲ್ಲಿ ಬಿಡುತ್ತಿದ್ದಳಂತೆ. ಆಕೆ ಹೊಸ ವರ್ಷಕ್ಕೆ ತನ್ನ ಊರಿನ ಕ್ಯಾಲೆಂಡರು ಕೊಟ್ಟಳು. ಜನವರಿಯ ಪುಟದಲ್ಲಿ ಒಂದು ದೊಡ್ಡ ಹಳೇ ಗಡಿಯಾರ. ಗಂಟೆ ಹೊಡೆದಾಗಲೆಲ್ಲ ಅದರ ಮೇಲಿನ ಎರಡು ಕಿಟಕಿ ತೆರೆಯುತ್ತವಂತೆ, ಬೊಂಬೆಗಳು ಒಂದೊಂದಾಗಿ ಬಂದು ಹೊರಗೆ ಇಣುಕಿ ಹೋಗುತ್ತವಂತೆ. ಪಕ್ಕದಲ್ಲಿ ಒಂದು ಎಲುಬಿನ ಗೂಡು ನಿಂತು ಗಂಟೆ ಎಳೆಯುತ್ತದಂತೆ. ವರ್ಷ ಮುಗಿದರೂ ಕಮಲವ್ವ ಆ ಪುಟ ತೆಗೆಯಲಿಲ್ಲ, ಫ್ರಿಜ್ಜಿನ ಮೇಲೆ ಅಂಟಿಸಿದಳು. ಊಟಕ್ಕೆ ಹಠ ಮಾಡುವ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಅದರ ಮುಂದೆ ನಿಲ್ಲುವುದು. “ಹನ್ನೆರಡಾತು ನೋಡು, ಈಗ ಬೊಂಬಿ ಬರ್ತಾವು, ಬಾಯಿ ತಗದವರನ್ನಷ್ಟ ನೋಡ್ತಾವು.” ಮಗು ಬಾಯಿ ತೆರೆಯುವುದು, ತುತ್ತು ಒಳಗೆ ಹೋಗುವುದು. ಹೀಗೆ ಎಷ್ಟು ಮಕ್ಕಳಿಗೆ ತಾನು ಕಾಣದ ಬೊಂಬೆ ತೋರಿಸಿದಳೋ. ಆ ಪುಟ ಈಗಲೂ ಇದೆ. ಫ್ರೀಮಾಂಟಿನ ಮನೆ ಮಾರಿ ಇಲ್ಲಿಗೆ ಬಂದಾಗ ಪಾತ್ರೆಗಳಿಗಿಂತ ಮೊದಲು ಅದು ಫ್ರಿಜ್ಜಿನ ಮೇಲೆ ಹತ್ತಿತು. ಬಣ್ಣ ಹೋಗಿ ತೆಳ್ಳಗಿನ ಮಜ್ಜಿಗೆಯ ಹಾಗೆ ಆಗಿದೆ.

ಹೋದ ಬೇಸಿಗೆಯಲ್ಲಿ ಅವರ ಮಗಳು ಮಾಧುರಿ ಲಾಸ್ ಗ್ಯಾಟೋಸಿನಿಂದ ಬಂದು, ಅಪ್ಪ ಅವ್ವ ಇಬ್ಬರೂ ಎಲ್ಲಾದರೂ ಹೋಗಿ ಬನ್ನಿ, ನಾನು ಟಿಕೆಟು ಮಾಡುತ್ತೇನೆ ಅಂದಳು. ನಾನು ಅವರ ಮನೆಯಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದೆ. ಗುರುಶಾಂತಪ್ಪನವರು ಸ್ವಿಟ್ಜರ್‌ಲೆಂಡು ಅಂದರು.

ಕಮಲವ್ವ “ಪ್ರಾಗ್” ಅಂದಳು.

ಮಾಧುರಿ ಫೋನಿನಿಂದ ತಲೆ ಎತ್ತಿದಳು. “ಅವ್ವಾ, ನೀನು ಊರು ಕೇಳಿದ್ದು ಇದೇ ಫಸ್ಟ್ ಟೈಮು.”

“ಕೇಳಿದ್ರ ಕೊಡ್ತಾರಂತ ಗೊತ್ತಿರಲಿಲ್ಲ” ಅಂದಳು ಕಮಲವ್ವ.

ಗುರುಶಾಂತಪ್ಪನವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಒಪ್ಪಿದರು. “ಆತು, ನಿಮ್ಮವ್ವನ ಊರಿಗೇ ಹೋಗೂಣು. ಆದ್ರ ಹೋಟೆಲ್ ಬ್ಯಾಡ ಮಾಧುರಿ. ಕಿಚನ್ ಇರೂ ಅಪಾರ್ಟ್‌ಮೆಂಟ್ ನೋಡು. ಆ ಮಂದಿ ಊಟ ನನಗ ಆಗೂದಿಲ್ಲ.”

ನನಗ ಆಗೂದಿಲ್ಲ. ಈ ಮಾತು ನನ್ನ ಎರಡೂ ಕಿವಿಯಿಂದ ಕೇಳಿದ್ದು. ಬಟಾಣಿಯ ಬುಟ್ಟಿ ನನ್ನ ತೊಡೆಯ ಮೇಲಿತ್ತು.

ಹೊರಡುವ ಹಿಂದಿನ ದಿನ ಸೂಟ್‌ಕೇಸಿನ ತೂಕ ಮಿಕ್ಕಿತು. ಐದು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸೀರೆಯಲ್ಲಿ ಸುತ್ತಿದ ಕಬ್ಬಿಣದ ಹಂಚು. ಏನು ತೆಗೆಯುವುದು ಅಂತ ಇಬ್ಬರೂ ನಿಂತು ನೋಡಿದರು. ಕೊನೆಗೆ ಹೊರಗೆ ಬಂದದ್ದು ಕಮಲವ್ವನ ನಡೆದಾಡುವ ಶೂಸು. ಕಲ್ಲು ಹಾಸಿದ ಬೀದಿಯಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಆಕೆ ಯುರೋಪು ತಿರುಗಿದ್ದು, ತಿರುಗಿದಷ್ಟು.

ಪ್ರಾಗ್‌ನಲ್ಲಿ ಹಿಡಿದ ಮನೆಗೆ ಬೀಗದ ಕೈ ಒಂದೇ. ಬೀದಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದ್ದು, ಒಮ್ಮೆ ಇಳಿದರೆ ಬೀಗದ ಕೈ ಇಲ್ಲದೆ ಮತ್ತೆ ಒಳಗೆ ಬರಲಾಗದು. ಬೆಳಿಗ್ಗೆ ರೊಟ್ಟಿ ತಿಂದು ಗುರುಶಾಂತಪ್ಪನವರು ಕ್ಯಾಮೆರಾ ನೇತುಹಾಕಿಕೊಂಡು “ಒಂದು ತಾಸು ನೋಡಿ ಬರ್ತೀನಿ, ಆಮ್ಯಾಲೆ ನೀ ಬಾ” ಅಂತ ಹೊರಡುವರು, ಬೀಗದ ಕೈ ಅವರ ಜೇಬಿನಲ್ಲಿ. ಆಕೆ ಪಾತ್ರೆ ತೊಳೆದು, ಬೀನ್ಸು ಹೆಚ್ಚಿ, ಹಿಟ್ಟು ನಾದುವ ಹೊತ್ತಿಗೆ ಹನ್ನೆರಡು. ಹಿಟ್ಟು ಬಿಸಿನೀರಲ್ಲಿ ಕಲೆಸಿದರೆ ಕಾಯುವುದಿಲ್ಲ, ಬಡಿಯಲೇಬೇಕು. ಅವರು ಬಂದು ಉಣ್ಣುವರು, ಕಾಲು ನೋಯುತ್ತದೆ ಅಂತ ಮಲಗುವರು. ಸಂಜೆ ಇಬ್ಬರೂ ಇಳಿಯುವರು. ಗಡಿಯಾರದ ಚೌಕ ಅಲ್ಲಿಂದ ಆರು ನಿಮಿಷದ ದಾರಿಯಂತೆ. ಗಂಟೆಯ ಸದ್ದು ಅಡಿಗೆಮನೆಯ ಕಿಟಕಿಗೇ ಕೇಳುತ್ತಿತ್ತಂತೆ.

“ಎರಡು ಸರ್ತಿ ಅದರ ಮುಂದ ಹೋಗಿ ನಿಂತೆ” ಅಂದಳು ನನಗೆ. “ಒಮ್ಮೆ ಐದೂ ಹತ್ತು, ಒಮ್ಮೆ ಆರೂ ಕಾಲು. ಇವರು, ‘ಇನ್ನ ಐವತ್ತು ನಿಮಿಷ ಯಾರು ನಿಂದರ್ತಾರ, ನಾಳೆ ನೋಡೂಣು’ ಅಂದ್ರು. ಕಿಟಕಿ ಮುಚ್ಚಿದ್ದು ನೋಡಿ ಬಂದೆ.”

ಎಂಟು ದಿನದಲ್ಲಿ ಎಂಟು ನಾಳೆ ಕಳೆದವು.

ಇಷ್ಟಾದ ಮೇಲೆ ಅಕ್ಟೋಬರಿನ ಸಭೆಯಲ್ಲಿ ಗುರುಶಾಂತಪ್ಪನವರು ಪ್ರಾಗ್ ನಗರದ ಮೇಲೆ ಮಾತಾಡಿದರು. ದೊಡ್ಡ ಪರದೆ, ಇನ್ನೂರಕ್ಕೂ ಮಿಕ್ಕಿ ಫೋಟೋ. ಸೇತುವೆ, ಕೋಟೆ, ಚರ್ಚು, ಟ್ರಾಮು. ಯಾವ ಅರಸ ಯಾವ ಗೋಡೆ ಕಟ್ಟಿಸಿದ ಅಂತ ಇಸವಿ ಸಮೇತ ಹೇಳಿದರು. ಕಮಲವ್ವ ಇದ್ದದ್ದು ಒಂದು ಫೋಟೋದಲ್ಲಿ, ಸೇತುವೆಯ ಅಂಚಿಗೆ, ಅರ್ಧ ಭುಜ. ನನ್ನ ಪಕ್ಕದಲ್ಲೇ ಕೂತಿದ್ದಳು. ತನ್ನ ಭುಜ ಬಂದಾಗ ಗುರುತು ಹಿಡಿದು ಸೆರಗು ಸರಿ ಮಾಡಿಕೊಂಡಳು, ಅಲ್ಲಿರುವ ಭುಜಕ್ಕೆ ಇಲ್ಲಿ.

ಆಮೇಲೆ ಒಂದು ವಿಡಿಯೋ ಬಂತು. ಚೌಕದ ತುಂಬ ಜನ, ಎಲ್ಲರ ಕತ್ತು ಮೇಲೆ. ಗಂಟೆ ಶುರುವಾಯಿತು. ಗುರುಶಾಂತಪ್ಪನವರು “ಇದು ಹನ್ನೊಂದು ಗಂಟೆದ್ದು. ಮೂರನೇ ದಿನ ಛಲೋ ಜಾಗ ಸಿಕ್ಕಿತ್ತು, ನೋಡ್ರಿ ಈಗ ಕಿಟಕಿ ತಗೀತಾವು” ಅಂದರು.

ನಾನು ಪರದೆ ನೋಡಲಿಲ್ಲ, ಪಕ್ಕಕ್ಕೆ ನೋಡಿದೆ. ಅವರು ಅದನ್ನು ನೋಡಿ ಬಂದಿದ್ದಾರೆ ಅನ್ನುವುದು ಆಕೆಗೆ ಆ ಗಳಿಗೆಯ ತನಕ ಗೊತ್ತಿರಲಿಲ್ಲ. ಮುಖದಲ್ಲಿ ಏನೂ ಆಗಲಿಲ್ಲ. ಕಣ್ಣು ಮಾತ್ರ ಮುಚ್ಚಿಕೊಂಡಳು. ಗಂಟೆ ಹನ್ನೊಂದೂ ಹೊಡೆದು ಮುಗಿಯುವ ತನಕ ತೆರೆಯಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಕಾದವಳು ಲೈಬ್ರರಿಯ ಗೋಡೆಯ ಮೇಲೆ ಅದನ್ನು ನೋಡಲು ಒಪ್ಪಲಿಲ್ಲ.

ಗುಂಪನ್ನು ನಡೆಸುವ ರಂಜನಿ ಬೆಂಗಳೂರಿನ ಹುಡುಗಿ, ಚುರುಕು. ಕೊನೆಗೆ ಆಕೆ ಕೇಳಿದಳು: “ಅಂಕಲ್, ಊಟಕ್ಕೇನ್ ಮಾಡಿದ್ರಿ? ವೆಜಿಟೇರಿಯನ್ಸ್‌ಗೆ ಕಷ್ಟ ಅಲ್ವಾ?”

“ನನಗೇನವಾ ಕಷ್ಟ” ಅಂದರು ಗುರುಶಾಂತಪ್ಪನವರು. “ಬ್ರೆಡ್ಡು ಕೊಟ್ರ ಬ್ರೆಡ್ಡು, ಚೀಸ್ ಕೊಟ್ರ ಚೀಸ್. ನಾನು ಏನ್ ಕೊಟ್ರೂ ಉಣ್ತೀನಿ. ನಮ್ಮಾಕಿದ ತ್ರಾಸು. ಪ್ರಾಗ್ ಊರಾಗ ಕೂತು ದಿನಾ ಮೂರು ಹೊತ್ತು ಧಡಾಧಡಾ ರೊಟ್ಟಿ ಬಡದಾಳ. ಕೆಳಗಿನ ಮನಿಯವರು ಭೂಕಂಪ ಆತು ಅಂತ ಓಡಿ ಬಂದ್ರು. ನಾ ಕೈ ಮುಗದು ಹೇಳಿ ಕಳಸಿದೆ, ಹಳ್ಳಿ ಹೆಣ್ಣಮಗಳು, ಕ್ಷಮಾ ಮಾಡ್ರಿ ಅಂತ.”

ಮೂವತ್ತು ಜನ ನಕ್ಕರು. “ಆಂಟಿ, ಪ್ರಾಗ್‌ಗೆ ಹೋಗಿ ರೊಟ್ಟಿನಾ, ಸೋ ಕ್ಯೂಟ್” ಅಂದಳು ರಂಜನಿ. ಹಿಂದಿನಿಂದ ಯಾರೋ “ಪ್ರಾಗ್ ರೊಟ್ಟಿ ಕಮಲವ್ವ” ಅಂದರು. ಹೆಸರು ಅಲ್ಲಿಗೇ ಅಂಟಿತು. ಕಮಲವ್ವ ಎದ್ದು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಸಿಂಕಿಗೆ ಹೋದಳು. ನಾನು ಹಿಂದೆಯೇ ಹೋದೆ. ಆಮೇಲಿನದನ್ನು ಮೊದಲೇ ಹೇಳಿದ್ದೇನೆ.

ಹುಬ್ಬಳ್ಳಿಯ ಪೇಟೆಯಲ್ಲಿ ಹುಟ್ಟಿ ಬೆಳೆದವಳು ಹಳ್ಳಿ ಹೆಂಗಸಾದಳು. ಬ್ರೆಡ್ಡು ತಿಂದವಳು ರೊಟ್ಟಿಬಾಕಿಯಾದಳು. ರೊಟ್ಟಿ ತಿಂದವರು ಏನು ಕೊಟ್ಟರೂ ಉಣ್ಣುವ ಸರಳ ಮನುಷ್ಯರಾದರು. ಬೇಯಿಸಿ ಹಾಕಿದ್ದೂ ಆಕೆ, ಅದರ ನಾಚಿಕೆ ಹೊತ್ತದ್ದೂ ಆಕೆ. ನಾನು ಬಹಳ ವರ್ಷದಿಂದ ಜನರ ಮಾತು ಕೇಳುತ್ತ ಬಂದವಳು. ದೊಡ್ಡ ಸುಳ್ಳು ಹೇಳುವವರು ಸ್ವಲ್ಪವಾದರೂ ತಡವರಿಸುತ್ತಾರೆ. ಗುರುಶಾಂತಪ್ಪನವರು ಒಂದು ಮಾತಿಗೂ ತಡವರಿಸಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಮರುದಿನ ಹನ್ನೊಂದೂವರೆಗೆ ಮೇಲಿನಿಂದ ಸದ್ದು ಬರಲಿಲ್ಲ. ಹನ್ನೆರಡಾದರೂ ಇಲ್ಲ. ನಾನು ಅಕ್ಕಿ ತೊಳೆಯುವುದನ್ನೇ ಮರೆತಿದ್ದೆ.

ನಡೆದದ್ದನ್ನು ಕಮಲವ್ವ ಸಂಜೆ ವಾಕಿಂಗಿನಲ್ಲಿ ಹೇಳಿದಳು. ಮಧ್ಯಾಹ್ನ ಅವರ ತಾಟಿಗೆ ಬದನೆಕಾಯಿ ಎಣ್ಣೆಗಾಯಿ ಬಡಿಸಿ, ಪಕ್ಕದಲ್ಲಿ ನಾಲ್ಕು ಹೋಳು ಬ್ರೆಡ್ಡು ಇಟ್ಟಳಂತೆ.

“ಇದೇನು?” ಅಂದರು.

“ಊಟ.”

“ರೊಟ್ಟಿ?”

“ರೊಟ್ಟಿ ಬೇಡೂವಾಕಿ ನಾನಲ್ಲೇನ್ರಿ. ನನಗ ಇವತ್ತ ಬ್ಯಾಡಾಗೈತಿ. ನಿಮಗಂತೂ ಏನ್ ಕೊಟ್ರೂ ನಡೀತೈತಿ, ಮೂವತ್ತು ಮಂದಿ ಕೇಳ್ಯಾರ.”

ಅವರು ಆಕೆಯ ಮುಖ ನೋಡಿದರು. ಬ್ರೆಡ್ಡು ನೋಡಿದರು. ಆಮೇಲೆ ತಿಂದರು. ಇನ್ನೇನು ಮಾಡುತ್ತಾರೆ? ರೊಟ್ಟಿ ಬೇಕು ಅಂದರೆ ನಿನ್ನೆಯ ಮಾತು ಸುಳ್ಳಾಗುತ್ತದೆ.

ಆಕೆ ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಪಲ್ಯ ಸಾರು ಒಂದನ್ನೂ ಕಡಿಮೆ ಮಾಡಲಿಲ್ಲ. ಅವರ ಮಾತನ್ನು ಅವರ ತಾಟಿಗೇ ಬಡಿಸಿದಳು, ದಿನಾ. ಕಾಳುಪಲ್ಯಕ್ಕೆ ಬ್ರೆಡ್ಡು, ಝುಣಕಕ್ಕೆ ಬ್ರೆಡ್ಡು, ಮಜ್ಜಿಗೆಗೆ ಒಂದು ಚೂರು ಚೀಸು. ಎರಡನೆಯ ವಾರ ಗುರುಶಾಂತಪ್ಪನವರು ಮೆಕ್ಸಿಕನ್ ಗ್ರೋಸರಿಯಿಂದ ಟೋರ್ಟಿಯಾ ತಂದರು, ನೋಡಲು ರೊಟ್ಟಿಯ ಹಾಗೇ ದುಂಡಗೆ. ಎರಡು ತಿಂದು, ಇದು ಗೋವಿನಜೋಳದ್ದು ಅಂತ ಉಳಿದದ್ದನ್ನು ಮುಚ್ಚಿಟ್ಟರಂತೆ. “ಯಾಕ್ರಿ, ಏನ್ ಕೊಟ್ರೂ ಉಣ್ತೀರಲ್ಲ” ಅಂದಳಂತೆ ಆಕೆ.

ಮೂರನೆಯ ವಾರ ಅವರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಕಟ್ಟಡದ ಹಿಂದಿನ ಗಿಡದ ನಿಂಬೆಹಣ್ಣು ನಾಲ್ಕು. ಒಳಗೆ ಬನ್ನಿ ಅಂದರೂ ಹೊಸ್ತಿಲಲ್ಲೇ ನಿಂತರು.

“ಅಮ್ಮಾರ, ನೀವರೆ ಆಕಿಗೊಂದು ಮಾತು ಹೇಳ್ರಿ.”

“ಏನಂತ ಹೇಳ್ಲಿ?”

“ಚ್ಯಾಷ್ಟಿ ಮಾಡಿದ್ದನ್ನ ಮನಸ್ಸಿಗೆ ಹಚ್ಚಿಕೊಂಡಾಳ. ಸಭಾದಾಗ ನಾಕು ಮಂದಿ ನಗಲಿ ಅಂತ ಅಂತೀವಿ. ಅದೇನ್ ಖರೇ ಹಿಡಿಯೂವಂಥಾದ್ದಾ?”

“ನಾವಿದ್ದವರೆಲ್ಲ ನಿಜಾಂತಲೇ ಹಿಡಿದ್ವಲ್ಲ” ಅಂದೆ. “ನೀವು ಅಲ್ಲಿ ಬ್ರೆಡ್ ತಿಂದ್ರಿ ಅಂತ ಇವತ್ತಿಗೂ ಎಲ್ರೂ ತಿಳ್ಕೊಂಡಿದಾರೆ.”

ಅವರು ನಿಂಬೆಹಣ್ಣನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿದರು. “ಸಾರಿ ಅಂದೀನ್ರಿ ಮನ್ಯಾಗ. ಎರಡು ಸರ್ತಿ ಅಂದೀನಿ.”

“ಆಕೆ ಏನಂದ್ಲು?”

“‘ಮನ್ಯಾಗ ಅಂದಿದ್ದಲ್ಲ, ಮನ್ಯಾಗ ಯಾಕ ಸಾರಿ’ ಅಂದ್ಲು. ಆ ಮೂವತ್ತು ಮಂದಿ ಮುಂದ ಹೇಳಬೇಕಂತ. ಎಪ್ಪತ್ತೆರಡು ವರ್ಷದವ ನಾನು, ಅಮ್ಮಾರ.”

“ಅವಳಿಗೂ ಅರವತ್ತೇಳು” ಅಂದೆ. ನಿಂಬೆಹಣ್ಣು ತೆಗೆದುಕೊಂಡೆ. ಮಾತು ಮಾತ್ರ ಹೇಳಲು ಹೋಗಲಿಲ್ಲ.

ಅಷ್ಟರಲ್ಲಿ ಆ ಹೆಸರು ಊರೆಲ್ಲ ಓಡಾಡಿತು. ಇಂಡಿಯನ್ ಗ್ರೋಸರಿಯಲ್ಲಿ ಒಬ್ಬಾಕೆ ಜೋಳದ ಹಿಟ್ಟಿನ ಚೀಲ ಎತ್ತಿ, “ಆಂಟಿ, ಮುಂದಿನ ಟ್ರಿಪ್ ಎಲ್ಲಿಗೆ, ಇದು ಸಾಕಾಗತ್ತಾ?” ಅಂತ ಕೇಳಿದಳು. ನಗುತ್ತಲೇ ಕೇಳಿದಳು, ಪ್ರೀತಿಯಿಂದಲೇ. ಅದಕ್ಕೇ ಉತ್ತರ ಕೊಡುವುದು ಕಷ್ಟ. ಕಮಲವ್ವ ಆ ಸಲ ಹಿಟ್ಟು ಕೊಳ್ಳದೆ ಬಂದಳು. ಕಾರಿನಲ್ಲಿ ನನ್ನ ಪಕ್ಕ ಕೂತು, “ಅಕ್ಕಾರ, ಇನ್ನ ನಾ ಸತ್ತ ಮ್ಯಾಲೂ ಇದನ್ನ ಹೇಳ್ತಾರ” ಅಂದಳು. ಇಪ್ಪತ್ತೆರಡು ವರ್ಷ ಮಕ್ಕಳನ್ನು ಬೆಳೆಸಿದ್ದನ್ನು ಹೇಳಲಿ ಅಂತ ಆಕೆ ಯಾರನ್ನೂ ಕೇಳಿರಲಿಲ್ಲ. ಆದರೆ ಇದು ಉಳಿಯಬಾರದು ಅಂತ ಇತ್ತು.

ನವೆಂಬರಿನ ಎರಡನೇ ಶನಿವಾರ ಬಂತು. ಚಹಾ ಆಯಿತು. ರಂಜನಿ ಎಲ್ಲರನ್ನೂ ಕೂರಿಸುತ್ತಿದ್ದಾಗ ಗುರುಶಾಂತಪ್ಪನವರು ತಾವಾಗಿ ಎದ್ದು ಮುಂದೆ ಹೋದರು. ಅಂಗಿಯ ಕೊರಳ ಪಟ್ಟಿ ಸಡಿಲವಾಗಿತ್ತು, ಇಳಿದುಹೋಗಿದ್ದರು.

“ಹ್ವಾದ ತಿಂಗಳ ನಾ ಒಂದು ಮಾತು ತಪ್ಪು ಹೇಳಿದ್ದೆ” ಅಂದರು. “ಪ್ರಾಗ್‌ದಾಗ ರೊಟ್ಟಿ ಬೇಕಾಗಿದ್ದು ನನಗ. ಆಕಿಗಲ್ಲ.” ಇಷ್ಟನ್ನೂ ನೆಲ ನೋಡುತ್ತಲೇ ಹೇಳಿ ಅಂಗೈ ಒರೆಸಿಕೊಂಡರು.

ರಂಜನಿ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಅಯ್ಯೋ ಅಂಕಲ್, ಎಷ್ಟ್ ಸ್ವೀಟ್ ನೀವು. ಆಂಟಿನ ಎಲ್ರೂ ಟೀಸ್ ಮಾಡ್ತಿದಾರೆ ಅಂತ ನಿಮ್ಮ ಮೇಲೆ ಹಾಕೊಂಡ್ರಲ್ಲ. ನಮ್ಮನೆಯವ್ರು ನಿಮ್ಮನ್ನ ನೋಡಿ ಕಲೀಬೇಕು.”

ಚಪ್ಪಾಳೆ ಬಂತು. ದೇವರಾಣೆ, ಚಪ್ಪಾಳೆ. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ ಜನ ನಿಜವನ್ನು ನಂಬಲಿಲ್ಲ. ಕಣ್ಣೊರೆಸಿಕೊಂಡವರೂ ಇದ್ದರು. ಅಂಥ ಗಂಡನನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂತ ನನ್ನ ಹಿಂದಿನ ಹೆಂಗಸು ಪಕ್ಕದವಳಿಗೆ ಹೇಳಿದಳು. ಗುರುಶಾಂತಪ್ಪನವರು ಮುಂದೆ ನಿಂತವರು, ನಿಂತೇ ಇದ್ದರು. ಚಪ್ಪಾಳೆ ಅವರ ಕೈಯನ್ನು ಎತ್ತಿಸಿತು, ಎರಡೂ ಅಂಗೈ ಅರ್ಧ ಕೂಡಿದವು, ತುಟಿಯ ಕೊನೆಯಲ್ಲಿ ಹಳೆಯ ನಗೆ ಬರುವುದರಲ್ಲಿತ್ತು. ನಾನು ಮನಸ್ಸಿನಲ್ಲೇ, ಈ ಮನುಷ್ಯ ಈಗ ನಮಸ್ಕಾರ ಮಾಡಿದರೆ ಇನ್ನು ಅವರ ಕೈಯ ನಿಂಬೆಹಣ್ಣು ಮುಟ್ಟುವುದಿಲ್ಲ ಅಂದುಕೊಂಡೆ.

ಕಮಲವ್ವ ಎದ್ದು ನಿಂತಳು. ಆರು ಮಕ್ಕಳ ಗಲಾಟೆಯನ್ನು ಕೂಗದೇ ನಿಲ್ಲಿಸಿದವಳ ದನಿ ಅದು.

“ರಂಜನಿ, ಚಪ್ಪಾಳಿ ಸಾಕವಾ. ಅವರು ಖರೇ ಹೇಳ್ಯಾರ. ಖರೇ ಹೇಳಿದ್ದಕ್ಕ ಯಾಕ ಚಪ್ಪಾಳಿ? ದಿನಾ ಹದಿನೈದು ರೊಟ್ಟಿ ಬಡದೀನಿ, ಎಲ್ಲಾ ಅವರಿಗೆ. ನಾ ಬ್ರೆಡ್ಡು ತಿಂದೆ. ಹ್ವಾದ ತಿಂಗಳ ಗಡಿಯಾರದ ವಿಡಿಯೋ ನೋಡಿದ್ರೆಲ್ಲ, ಬೊಂಬಿ ಬರೂದು? ಅದನ್ನ ನೋಡಾಕ ಆ ಊರಿಗೆ ಹೋದಾಕಿ ನಾನು. ಅವರು ನೋಡೂ ಮುಂದ ನಾ ಬೀನ್ಸು ಹೆಚ್ಚಾಕ ಹತ್ತಿದ್ದೆ, ಬೀಗದ ಕೈ ಅವರ ಜೇಬಿನಾಗಿತ್ತು.”

ಕೂತಳು. ಮುಂದಿನ ಸಾಲಿನ ಜಗನ್ನಾಥರಾಯರು, “ಹೋಗ್ಲಿ ಬಿಡಮ್ಮ, ಒಂದು ರೊಟ್ಟಿ ವಿಷಯ, ಇಷ್ಟು ಸಣ್ಣದಕ್ಕೆ” ಅಂದರು.

“ಸಣ್ಣದಾಗಿದ್ರೆ ಒಂದು ತಿಂಗಳು ಊರೆಲ್ಲ ಯಾಕೆ ನಕ್ರಿ, ರಾಯರೇ?” ಅಂದುಬಿಟ್ಟೆ ನಾನು. ಒಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಗುರುಶಾಂತಪ್ಪನವರ ಕೈ ಕೆಳಗೆ ಇಳಿದಿತ್ತು. “ಆಕಿ ಹೇಳಿದ್ದು ಬರೋಬರಿ ಐತಿ” ಅಂದರು, ಈ ಸಲ ನೆಲ ನೋಡದೆ. “ನಗಬ್ಯಾಡ್ರಿ, ಚಪ್ಪಾಳಿನೂ ಹೊಡಿಬ್ಯಾಡ್ರಿ. ಕೆಳಗಿನ ಮನಿ ಹೆಣ್ಣಮಗಳ ಮುಂದ ನನಗ ನಾಚಿಕಿ ಆತು. ನನ್ನ ನಾಚಿಕಿ ತಗದು ಆಕಿ ಮ್ಯಾಲೆ ಹಾಕಿದೆ. ಇಲ್ಲೂ ಹಂಗ ಮಾಡಿದೆ. ಇನ್ನ ಯಾರೂ ಆಕಿನ್ನ ಆ ಹೆಸರಲೆ ಕರೀಬಾರದು.”

ಬಂದು ತಮ್ಮ ಕುರ್ಚಿಯಲ್ಲಿ ಕೂತರು. ರಂಜನಿ ಕೈಯಲ್ಲಿದ್ದ ಕಾಗದ ಮಡಚಿದಳು. ಆಮೇಲೆ ಕಮಲವ್ವನ ಹತ್ತಿರ ಬಂದು ಮೆಲ್ಲಗೆ “ಸಾರಿ ಆಂಟಿ, ನಾನೇ ಶುರು ಮಾಡಿದ್ದು” ಅಂದಳು. “ನೀ ಶುರು ಮಾಡಿದ್ದಲ್ಲವಾ, ನೀ ನಕ್ಕಿ ಅಷ್ಟ” ಅಂದಳು ಕಮಲವ್ವ. ಕ್ಷಮಿಸಿದ್ದೋ ಇಲ್ಲವೋ ಆ ಮಾತಿನಿಂದ ನನಗೂ ತಿಳಿಯಲಿಲ್ಲ.

ಭಾನುವಾರ ಮೇಲೆ ಸದ್ದಿಲ್ಲ. ಸೋಮವಾರವೂ ಇಲ್ಲ. ಹೇಳಿಯಾದ ಮೇಲೂ ಇದೇನು ಇವಳ ಹಠ ಅಂತ ನನ್ನ ಮಗಳು ಅಂದಳು. ಮಂಗಳವಾರ ಹನ್ನೊಂದೂವರೆಗೆ ಶುರುವಾಯಿತು. ಆದರೆ ಅದು ನನಗೆ ಗೊತ್ತಿದ್ದ ಸದ್ದಲ್ಲ. ಕಮಲವ್ವನದು ಒಂದೇ ಹದದಲ್ಲಿ, ಕುದುರೆ ನಡೆದ ಹಾಗೆ. ಇದು ಎರಡು ಏಟು, ಆಮೇಲೆ ನಿಶ್ಶಬ್ದ, ಆಮೇಲೆ ಒಂದು ದೊಡ್ಡ ಏಟು, ಮತ್ತೆ ನಿಶ್ಶಬ್ದ. ನಮ್ಮ ದೀಪವೂ ಒಮ್ಮೆ ಅಲ್ಲಾಡಿತು. ಅವರದೊಂದು ಸ್ಟೀಲಿನ ಡಬ್ಬಿ ನಮ್ಮಲ್ಲಿತ್ತು. ಅದನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಗುರುಶಾಂತಪ್ಪನವರು ಅಂಗಿಯ ತೋಳು ಮಡಚಿ ಅಡಿಗೆಕಟ್ಟೆಯ ಮುಂದೆ ನಿಂತಿದ್ದರು. ಮೊಣಕೈ ತನಕ ಹಿಟ್ಟು, ಮೀಸೆಯ ಮೇಲೂ ಹಿಟ್ಟು. ಅಂಗೈ ಕೆಳಗಿನ ರೊಟ್ಟಿ ಒಂದು ಕಡೆ ಹರಿದು ನಕ್ಷೆಯ ಹಾಗೆ ಆಗಿತ್ತು. ಪಕ್ಕದ ತಾಟಿನಲ್ಲಿ ಸುಟ್ಟ ಎರಡು ತುಂಡು. ಕಮಲವ್ವ ಮೇಜಿನ ಮುಂದೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಆಕೆಯ ಹಿಂದೆ ಫ್ರಿಜ್ಜಿನ ಮೇಲೆ ಆ ಹಳೆಯ ಪುಟ.

“ಬರ್ರಿ ಅಕ್ಕಾರ, ಕೂಡ್ರಿ” ಅಂದಳು. “ಮಾಧುರಿ ಏಪ್ರಿಲ್‌ಕ ಮತ್ತ ಟಿಕೆಟು ಮಾಡ್ತೀನಿ ಅಂದಾಳ, ಅದ ಊರಿಗೆ. ಅವರು ಬರ್ತೀನಿ ಅಂದ್ರು. ತಮ್ಮ ರೊಟ್ಟಿ ತಾವು ಬಡಕೋಳಾಕ ಬಂದ್ರ ಬರ್ರಿ, ಇಲ್ಲಂದ್ರ ನಾ ಒಬ್ಬಾಕಿನ ಹೋಗ್ತೀನಿ ಅಂದೀನಿ. ಶೂಸು ಈಗ ಸೂಟ್‌ಕೇಸಿನಾಗ ಹಾಕೀನಿ.”

“ಏಪ್ರಿಲ್ ಇನ್ನ ಐದು ತಿಂಗಳೈತಿ” ಅಂದರು ಗುರುಶಾಂತಪ್ಪನವರು ನನಗೆ, ಸಾಕ್ಷಿಗೆ ಕರೆದ ಹಾಗೆ.

“ಅದು ಸಾಕಾಗೂದಿಲ್ಲ, ನಿಮ್ಮ ಕೈ ನೋಡಿದ್ರ” ಅಂದಳು ಆಕೆ.

ಅವರು ಹರಿದದ್ದನ್ನು ಮುದ್ದೆ ಮಾಡಿ, ನೀರು ಚಿಮುಕಿಸಿ, ಮತ್ತೆ ನಾದಿದರು. ಒಣಹಿಟ್ಟು ಹರಡಿ, ಉಂಡೆ ಇಟ್ಟು, ಬಡಿಯತೊಡಗಿದರು. ಸ್ವಲ್ಪ ಹೊತ್ತಿಗೆ “ಸಾಕೇನ?” ಅಂತ ಕೇಳಿದರು.

ಕಮಲವ್ವ ತಲೆ ಎತ್ತಲಿಲ್ಲ. ಸದ್ದು ಕೇಳಿಯೇ ಹೇಳಿದಳು. “ನಡು ದಪ್ಪೈತಿ. ಇನ್ನೊಂದು ಸುತ್ತು ಬಡೀರಿ.”

ನಾನು ಒಂದು ಕಟ್ಟು ನನ್ನ ಕಡೆಗೆ ಎಳೆದುಕೊಂಡೆ. ಎಲೆ ಒಂದು ಕಡೆ, ದಂಟು ಒಂದು ಕಡೆ, ಇಬ್ಬರೂ ಸೊಪ್ಪು ಬಿಡಿಸುತ್ತ ಕೂತೆವು.